ಕಿವುಡಿನ ಮೂಲ ಅರಸಿದ ಜೋಸೆಫ್ ಟಾಯ್ನ್‌ಬೀ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಿವಿಯ ಚಿಕಿತ್ಸೆಗೆ ವೈದ್ಯಲೋಕದಲ್ಲಿ ಹೆಚ್ಚಿನ ಮರ್ಯಾದೆ ಇರಲಿಲ್ಲ. ಕಿವಿಗೆ ಎಣ್ಣೆ ಬಿಡುವುದು, ಪಿಚಕಾರಿಯಿಂದ ನೀರು ಹಾಯಿಸುವುದು, ಕಿವಿಯ ಹಿಂದೆ ಜಿಗಣೆ ಹಚ್ಚಿ ರಕ್ತ ಹೀರಿಸುವುದು ಅಂದಿನ ರೂಢಿ. ಕೇಳದ ಕಿವಿಯ ಒಳಗೆ ನಿಜಕ್ಕೂ ಏನಾಗಿದೆ ಎಂದು ತೆರೆದು ನೋಡಿದವರು ವಿರಳ. ಆ ಕೊರತೆಯನ್ನು ತುಂಬಲು ಬದುಕನ್ನೇ ಮುಡಿಪಾಗಿಟ್ಟು, ಕೊನೆಗೆ ಪ್ರಾಣವನ್ನೂ ತೆತ್ತವರು ಇಂಗ್ಲೆಂಡಿನ ಶಸ್ತ್ರವೈದ್ಯ ಜೋಸೆಫ್ ಟಾಯ್ನ್‌ಬೀ.

ಟಾಯ್ನ್‌ಬೀ ಜನಿಸಿದ್ದು 1815ರ ಡಿಸೆಂಬರ್ 30ರಂದು, ಲಿಂಕನ್‌ಶೈರ್ ಪ್ರಾಂತ್ಯದ ಹೆಕಿಂಗ್ಟನ್ ಎಂಬಲ್ಲಿ. ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದ ಅವರು ಅಂಗರಚನಾಶಾಸ್ತ್ರದತ್ತ ಒಲಿದರು. ರಕ್ತನಾಳಗಳಿಲ್ಲದ ಅಂಗಾಂಶಗಳು ಹೇಗೆ ಪೋಷಣೆ ಪಡೆಯುತ್ತವೆ ಎಂಬ ಪ್ರಬಂಧ ಅವರಿಗೆ ಹೆಸರು ತಂದಿತು. 1842ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತಾಗ ಅವರ ವಯಸ್ಸು ಕೇವಲ 26.

ಇಂಥ ಪ್ರತಿಭಾವಂತ ಕಿವಿಯನ್ನೇ ಆರಿಸಿಕೊಂಡದ್ದು ಅಂದಿನವರಿಗೆ ಅಚ್ಚರಿಯ ಸಂಗತಿ. ಅವರ ವಿಧಾನ ಸರಳ, ಆದರೆ ಅಪಾರ ತಾಳ್ಮೆಯನ್ನು ಬೇಡುವಂಥದು. ಜೀವಂತ ರೋಗಿಯ ಲಕ್ಷಣಗಳನ್ನು ಬರೆದಿಟ್ಟುಕೊಳ್ಳುವುದು. ಸಾಧ್ಯವಾದಾಗ ಅದೇ ವ್ಯಕ್ತಿಯ ಮರಣಾನಂತರ ಕಿವಿಯನ್ನು ಛೇದಿಸಿ ಕಾರಣ ಹುಡುಕುವುದು. ಹೀಗೆ ಸುಮಾರು 2,000 ಕಿವಿಗಳನ್ನು ಅವರು ಪರೀಕ್ಷಿಸಿದರು. ಸಂಗ್ರಹದ ವಿವರಪಟ್ಟಿ 1857ರಲ್ಲಿ ಪ್ರಕಟವಾಯಿತು.

ಈ ಶ್ರಮದಿಂದ ಒಂದು ಮುಖ್ಯ ಸತ್ಯ ಹೊರಬಿತ್ತು. ಮಧ್ಯಕರ್ಣದಲ್ಲಿ ರಿಕಾಪಿನ ಆಕಾರದ ಒಂದು ಪುಟ್ಟ ಮೂಳೆಯಿದೆ. ಅದು ಅಲುಗಾಡಿದರಷ್ಟೇ ಧ್ವನಿಯ ಕಂಪನ ಒಳಕಿವಿಯನ್ನು ಸೇರುತ್ತದೆ. ಅನೇಕ ಕಿವುಡರಲ್ಲಿ ಈ ಮೂಳೆ ಸುತ್ತಲಿನ ಎಲುಬಿಗೆ ಬೆಸೆದುಕೊಂಡು ನಿಶ್ಚಲವಾಗಿರುವುದನ್ನು ಟಾಯ್ನ್‌ಬೀ ಕಂಡರು. ಇಟಲಿಯ ವಾಲ್ಸಾಲ್ವಾ ಇದನ್ನು ಮೊದಲೇ ಗಮನಿಸಿದ್ದರೂ, ಕಿವುಡಿನ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದೆಂದು ಸಾಕ್ಷ್ಯಸಮೇತ ತೋರಿದ ಕೀರ್ತಿ ಟಾಯ್ನ್‌ಬೀಯವರದು.

ಮೂಗು ಮತ್ತು ಕಿವಿಯನ್ನು ಜೋಡಿಸುವ ಯೂಸ್ಟೇಷಿಯನ್ ನಾಳ ಸದಾ ತೆರೆದಿರುವುದಿಲ್ಲ, ಉಗುಳು ನುಂಗುವಾಗ ತೆರೆದುಕೊಳ್ಳುತ್ತದೆ ಎಂದು ವಿವರಿಸಿದವರೂ ಅವರೇ. ವಿಮಾನ ಇಳಿಯುವಾಗ ಕಟ್ಟಿಕೊಂಡ ಕಿವಿ ಗುಟುಕು ನುಂಗಿದೊಡನೆ ಬಿಡುವುದು ಇದೇ ಕಾರಣಕ್ಕೆ. ಮೂಗು ಹಿಡಿದು ನುಂಗಿಸಿ ಕಿವಿಯ ಒತ್ತಡವನ್ನು ಪರೀಕ್ಷಿಸುವ ಕ್ರಮಕ್ಕೆ ಇಂದಿಗೂ ಅವರ ಹೆಸರಿದೆ. ಕಿವಿತಮಟೆ ತೂತಾದವರಿಗಾಗಿ ಸಣ್ಣ ಬೆಳ್ಳಿಯ ತಂತಿಗೆ ರಬ್ಬರಿನ ತೆಳು ಬಿಲ್ಲೆ ಜೋಡಿಸಿ ಕೃತಕ ತಮಟೆಯನ್ನೂ ಅವರು ರೂಪಿಸಿದರು.

1851ರಲ್ಲಿ ಆರಂಭವಾದ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅವರು ಕಿವಿಯ ಶಸ್ತ್ರವೈದ್ಯರಾದರು. 1860ರಲ್ಲಿ ಪ್ರಕಟವಾದ ಅವರ ಕರ್ಣರೋಗ ಗ್ರಂಥ ಈ ಶಾಖೆಗೆ ಶಾಸ್ತ್ರೀಯ ತಳಹದಿ ಒದಗಿಸಿತು. ಆದರೆ ಕಾರಣ ತಿಳಿದಷ್ಟು ಸುಲಭವಾಗಿ ಪರಿಹಾರ ದಕ್ಕಲಿಲ್ಲ. ಅದರಲ್ಲೂ ಕಿವಿಯೊಳಗೆ ಎಡೆಬಿಡದೆ ಮೊರೆಯುವ ಸದ್ದಿನಿಂದ ನರಳುವವರಿಗೆ ಹೇಳಿಕೊಳ್ಳುವಂಥ ಮದ್ದಿರಲಿಲ್ಲ.

ಆ ಮದ್ದಿನ ಶೋಧವೇ ಅವರಿಗೆ ಮುಳುವಾಯಿತು. ಕ್ಲೋರೋಫಾರ್ಮ್ ಹಾಗೂ ಪ್ರಸ್ಸಿಕ್ ಆಮ್ಲದ ಆವಿ ಮಧ್ಯಕರ್ಣವನ್ನು ತಲುಪಿದರೆ ಮೊರೆತ ಶಮನವಾದೀತೇ ಎಂಬುದು ಅವರ ಪ್ರಶ್ನೆ. ರೋಗಿಗಳ ಮೇಲೆ ಪ್ರಯೋಗಿಸುವ ಬದಲು ಅವರು ತಮ್ಮನ್ನೇ ಒಡ್ಡಿಕೊಂಡರು. 1866ರ ಜುಲೈ 7ರಂದು ಲಂಡನ್ನಿನ ಸ್ಯಾವಿಲ್ ರೋ ಬೀದಿಯ ತಮ್ಮ ಚಿಕಿತ್ಸಾಕೊಠಡಿಯಲ್ಲಿ ಅವರು ಶವವಾಗಿ ಕಂಡುಬಂದರು. ಪ್ರಯೋಗದ ಟಿಪ್ಪಣಿಗಳು ಬಳಿಯಲ್ಲೇ ಇದ್ದವು. ಆಗ ಅವರಿಗೆ 50 ವರ್ಷ.

ತಂದೆಯನ್ನು ಕಳೆದುಕೊಂಡಾಗ ಮಗ ಆರ್ನಲ್ಡ್‌ಗೆ ಇನ್ನೂ 13 ವರ್ಷ. ಕೈಗಾರಿಕಾ ಕ್ರಾಂತಿ ಎಂಬ ಪದವನ್ನು ಇಂಗ್ಲಿಷ್ ಜಗತ್ತಿನಲ್ಲಿ ಬಳಕೆಗೆ ತಂದ ಆರ್ಥಿಕ ಇತಿಹಾಸಕಾರ ಆತನೇ. ನಾಗರಿಕತೆಗಳ ಏಳುಬೀಳುಗಳನ್ನು ಬರೆದ ಪ್ರಸಿದ್ಧ ಇತಿಹಾಸಕಾರ ಆರ್ನಲ್ಡ್ ಜೋಸೆಫ್ ಟಾಯ್ನ್‌ಬೀ ಈ ವೈದ್ಯರ ಮೊಮ್ಮಗ. ಮಗ, ಮೊಮ್ಮಗನ ಕೀರ್ತಿಯ ನೆರಳಿನಲ್ಲಿ ಅಜ್ಜನ ಹೆಸರು ಮಸುಕಾಯಿತು.

ಆದರೆ ಅವರ ಕೆಲಸ ಮಸುಕಾಗಲಿಲ್ಲ. ಬೆಸೆದುಕೊಂಡ ಆ ರಿಕಾಪು ಮೂಳೆಯನ್ನು ತೆಗೆದು ಕೃತಕ ಮೂಳೆ ಕೂರಿಸುವ ಶಸ್ತ್ರಚಿಕಿತ್ಸೆಯನ್ನು 1956ರಲ್ಲಿ ಅಮೆರಿಕದ ಜಾನ್ ಶೇ ನೆರವೇರಿಸಿದರು. ಆ ದಾರಿಯಲ್ಲಿ ಅಸಂಖ್ಯ ಜನರಿಗೆ ಶ್ರವಣಶಕ್ತಿ ಮರಳಿದೆ. ಕಿವಿಮೊರೆತವನ್ನು ಪೂರ್ತಿ ಅಳಿಸುವ ಔಷಧ ಮಾತ್ರ ಇನ್ನೂ ದೊರೆತಿಲ್ಲ. ಟಾಯ್ನ್‌ಬೀ ಪ್ರಾಣ ಪಣವಿಟ್ಟು ಕೇಳಿದ ಪ್ರಶ್ನೆ ಇಂದಿಗೂ ಉತ್ತರಕ್ಕಾಗಿ ಕಾದಿದೆ.