ಆರು ರುಚಿಗಳನ್ನು ಎಣಿಸಿದ ಮಹಾವೀರಾಚಾರ್ಯ

ಆಪ್ಟಿಟ್ಯೂಡ್ ಟೆಸ್ಟ್‌ಗೆ ಓದುವ ನಾವೆಲ್ಲ ಎನ್‌ಸಿಆರ್ ಸೂತ್ರವನ್ನು ಬಾಯಿಪಾಠ ಮಾಡಿರುತ್ತೇವೆ. ಅದನ್ನು ಯಾವ ಸಂಖ್ಯೆಗೂ ಹೊಂದುವ ನಿಯಮವಾಗಿ ಬರೆದಿಟ್ಟ ಮಹಾವೀರಾಚಾರ್ಯರ ಹೆಸರು ಮಾತ್ರ ನಾನು ಓದಿದ ಯಾವ ಗೈಡ್‌ನಲ್ಲೂ ಸಿಗಲಿಲ್ಲ.

ಅದು ಒಂಬತ್ತನೇ ಶತಮಾನ. ಕಾಗಿಣಾ ದಂಡೆಯ ಮಳಖೇಡದಿಂದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ನಮ್ಮ ಶಿರವಾಳದ ಹಳೆಯ ಕಲ್ಲಿನ ಗುಡಿಗಳನ್ನು ನೋಡಿದವರಿಗೆ ಅದು ತೀರಾ ದೂರ ಅನ್ನಿಸದು. ಜೈನರಾದ ಮಹಾವೀರಾಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರ ಸಂಗ್ರಹ’ ರಚಿಸಿ, ಆರಂಭದಲ್ಲೇ ನೃಪತುಂಗನನ್ನು ಹೊಗಳಿದರು. ಅವರ ಬದುಕಿನಿಂದ ನಮಗೆ ಉಳಿದಿರುವುದು ಈ ಪುಸ್ತಕವೇ. ಆರ್ಯಭಟ, ಬ್ರಹ್ಮಗುಪ್ತರು ಖಗೋಳ ಗ್ರಂಥದೊಳಗೆ ಗಣಿತಕ್ಕೆ ಅಧ್ಯಾಯ ಕೊಟ್ಟಿದ್ದರು. ಇವರು ಪುಸ್ತಕವನ್ನೇ ಗಣಿತಕ್ಕೆ ಕೊಟ್ಟರು. ಭಿನ್ನರಾಶಿ ಕೂಡಿಸಲು ಲಸಾಅ ಬಳಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಮಾತ್ರ ತಪ್ಪು. ದೊಡ್ಡವರೆಂದು ಅದನ್ನು ಮುಚ್ಚಿಡಬೇಕಿಲ್ಲ.

ನನಗೆ ಹಿಡಿಸಿದ್ದು ಅವರ ರುಚಿಯ ಲೆಕ್ಕ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಸೇರಿಸಿ ಎಷ್ಟು ಬಗೆ ಮಾಡಬಹುದು? ಒಟ್ಟು 63. ಮೂರು ಮೂರು ಬೆರೆಸುವುದಾದರೆ 6×5×4ನ್ನು 1×2×3ರಿಂದ ಭಾಗಿಸಿ, 20.

ಇದೇ 20 ಇಂದಿನ ಗ್ರಾಫ್ ಥಿಯರಿಯಲ್ಲೂ ಬರುತ್ತದೆ. ರುಚಿಗಳ ಬದಲು ಹಾಸ್ಟೆಲ್‌ನ ಆರು ಹುಡುಗರು ಎಂದುಕೊಳ್ಳಿ. ಪರಿಚಯವಿದ್ದವರ ನಡುವೆ ಗೆರೆ ಎಳೆದರೆ ಒಂದು ಗ್ರಾಫ್. ಪರಿಚಯವಿಲ್ಲದವರ ನಡುವೆ ಎಳೆದರೆ ಅದರ ಪೂರಕ ಗ್ರಾಫ್. ಎರಡೂ ಸೇರಿ ಕನಿಷ್ಠ ಎಷ್ಟು ತ್ರಿಕೋನ ಇರಲೇಬೇಕು? ಒಬ್ಬನ ಕಡೆಯಿಂದ ನೋಡಿ. ಉಳಿದ ಐವರಲ್ಲಿ ಒಬ್ಬ ಪರಿಚಿತ, ಒಬ್ಬ ಅಪರಿಚಿತ ಇರುವ ಜೋಡಿಗಳು ಹೆಚ್ಚೆಂದರೆ 2×3, ಅಂದರೆ 6. ಆರು ಮಂದಿಗೆ 36. ಪರಿಚಯ, ಅಪರಿಚಯ ಎರಡೂ ಬೆರೆತ ಪ್ರತಿ ಮೂವರ ಗುಂಪು ಇದರಲ್ಲಿ ಎರಡು ಸಲ ಎಣಿಕೆಯಾಗಿರುತ್ತದೆ. ಹಾಗಾಗಿ ಅಂಥ ಗುಂಪುಗಳು 18ಕ್ಕಿಂತ ಹೆಚ್ಚಿರಲಾರವು. 20ರಲ್ಲಿ 18 ಕಳೆದರೆ 2. ಎಷ್ಟೇ ಜನರಿದ್ದರೂ ಈ ಕನಿಷ್ಠ ಎಷ್ಟೆಂದು 1959ರಲ್ಲಿ ಗುಡ್‌ಮನ್ ತೋರಿಸಿದರು. ಮೂವರ ಬದಲು ನಾಲ್ವರ ಗುಂಪು ತೆಗೆದುಕೊಂಡರೆ ಏರ್ಡಿಶ್ ಅವರ ಊಹೆಯೇ ತಪ್ಪಾಯಿತು. 1989ರಲ್ಲಿ ಥಾಮಸನ್ ಅದನ್ನು ಸಾಧಿಸಿದರು.

ಮಹಾವೀರಾಚಾರ್ಯರ ಪುಸ್ತಕವನ್ನು ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಇಂಗ್ಲಿಷ್ ಓದುಗರ ಕೈಗೆ ಅದು ಬಂದದ್ದು 1912ರಲ್ಲಿ, ಮದ್ರಾಸಿನ ಎಂ. ರಂಗಾಚಾರ್ಯರ ಅನುವಾದದಿಂದ.