ಅರವತ್ತು ಸಾವಿರ ವರ್ಷದ ಲೆಕ್ಕ: ವೈನು ಬಪ್ಪು ಅವರ ಜೀವನವನ್ನು ಪಾಠವಾಗಿಸಿದ ಅನುಭವ

ಬೋಧನಾಭ್ಯಾಸಕ್ಕೆಂದು ನನಗೆ ದೇವರ ಹಿಪ್ಪರಗಿಯ ಒಂದು ಪ್ರೌಢಶಾಲೆ ಸಿಕ್ಕಿತ್ತು. ಎಂಟನೆಯ ತರಗತಿ, ವಿಜ್ಞಾನ, ನಕ್ಷತ್ರಗಳು ಮತ್ತು ಸೌರವ್ಯೂಹ ಎಂಬ ಘಟಕ. ಮೊದಲ ಅವಧಿಯಲ್ಲಿ ಧೂಮಕೇತುವಿನ ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ, ಮಕ್ಕಳು ನಕಲು ಮಾಡಿಕೊಂಡರು. ಆಗ ಒಬ್ಬ ಹುಡುಗ ಎದ್ದು ನಿಂತು, ಬಾಲದ ಚುಕ್ಕಿ ಕಂಡರೆ ಅರಸರಿಗೆ ಕೇಡು, ಊರಿಗೆ ಬರ ಎಂದು ತನ್ನ ಅಜ್ಜಿ ಹೇಳುತ್ತಾಳೆ ಎಂದ. ಅದೆಲ್ಲ ಮೂಢನಂಬಿಕೆ ಎಂದು ಹೇಳಿ ಅವನನ್ನು ಕೂರಿಸಿದೆ. ಹುಡುಗ ಮುಖ ತಗ್ಗಿಸಿಕೊಂಡು ಕುಳಿತ.

ಅಂದು ಪಾಠ ವೀಕ್ಷಿಸಿದ ಗುರುಗಳು ನನ್ನ ವಹಿಯಲ್ಲಿ ಒಂದೇ ಮಾತು ಬರೆದಿದ್ದರು. ನಂಬಿಕೆಯನ್ನು ತೆಗೆದಿರಿ, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ ಎಂಬುದು ಅದರ ಸಾರ. ಆ ರಾತ್ರಿ ಪಾಠಯೋಜನೆಯನ್ನು ಹರಿದು ಹೊಸದಾಗಿ ಬರೆದೆ. ಧೂಮಕೇತುವನ್ನು ಬಿಟ್ಟು, ಅದನ್ನು ಕಂಡುಹಿಡಿದ ನಮ್ಮ ದೇಶದ ಒಬ್ಬ ಮನುಷ್ಯನಿಂದ ಪಾಠ ಆರಂಭಿಸಬೇಕೆಂದು ನಿಶ್ಚಯಿಸಿದೆ. ಅವರೇ ಮನಾಲಿ ಕಲ್ಲಟ್ ವೈನು ಬಪ್ಪು.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮನೆತನ ಕೇರಳದ್ದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು. ಹೈದರಾಬಾದು ನಮ್ಮ ಭಾಗದವರಿಗೆ ದೂರದ ಊರಲ್ಲವಾದ್ದರಿಂದ ಮಕ್ಕಳು ಇಲ್ಲಿಂದಲೇ ಕಿವಿಗೊಟ್ಟರು. ಒಕ್ಕಲಿಗನ ಮಗ ಹೊಲದಲ್ಲಿ ಬೆಳೆಯುವಂತೆ ಈ ಹುಡುಗ ದೂರದರ್ಶಕದ ಪಕ್ಕದಲ್ಲಿ ಬೆಳೆದ. ವಿದ್ಯಾರ್ಥಿಯಾಗಿದ್ದಾಗಲೇ ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು ನೋಡಿ ಲೇಖನ ಬರೆದ. ಇಂಥ ನಕ್ಷತ್ರದ ಪ್ರಕಾಶವನ್ನು ಅಳೆಯುವ ಹಳೆಯ ಕ್ರಮ ಸರಳವಾದದ್ದು. ಅಕ್ಕಪಕ್ಕದ, ಪ್ರಕಾಶ ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿನಿಂದ ಹೋಲಿಸಿ ಬರೆದುಕೊಳ್ಳುವುದು. ದಿನವೂ ಬರೆಯುವುದೇ ಅದರ ಕಷ್ಟ.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಹೋಗಿ ಕೆಲವೇ ತಿಂಗಳಾಗಿತ್ತು. ಜುಲೈ 2ರ ರಾತ್ರಿ ತೆಗೆದ ಆಕಾಶದ ಫೋಟೋ ಫಲಕದಲ್ಲಿ ನಕ್ಷತ್ರಗಳಂತೆ ಚುಕ್ಕಿಯಾಗಿರದ, ಮಸುಕಾದ ಒಂದು ಗುರುತು ಅವರಿಗೆ ಕಂಡಿತು. ಅವರ ಗುರು ಬಾರ್ಟ್ ಬೋಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ಪರಿಶೀಲಿಸಿದರು. ಅದು ಹೊಸ ಧೂಮಕೇತುವೇ ಆಗಿತ್ತು. ಮೂವರ ಹೆಸರೂ ಅದಕ್ಕೆ ಸೇರಿ ಬಪ್ಪು-ಬೋಕ್-ನ್ಯೂಕರ್ಕ್ ಧೂಮಕೇತುವಾಯಿತು. ಪೆಸಿಫಿಕ್ ಖಗೋಳ ಸಂಘ ಅವರಿಗೆ ಡೊನ್‌ಹೋ ಧೂಮಕೇತು ಪದಕ ನೀಡಿತು. ಬಪ್ಪುಗೆ ಆಗ ಇನ್ನೂ 22 ತುಂಬಿರಲಿಲ್ಲ.

ಇಲ್ಲಿ ಕಥೆ ನಿಲ್ಲಿಸಿ ಚಟುವಟಿಕೆಗೆ ಬಂದೆ. ಒಂದು ಗುರುತು ಕಂಡ ಮಾತ್ರಕ್ಕೆ ಅದು ಎತ್ತ ಹೋಗುತ್ತದೆಂದು ತಿಳಿಯುವುದಿಲ್ಲ. ಬೇರೆ ಬೇರೆ ರಾತ್ರಿ ನಕ್ಷತ್ರಗಳ ನಡುವೆ ಅದರ ಸ್ಥಾನವನ್ನು ಗುರುತಿಸಬೇಕು. ಕನಿಷ್ಠ ಮೂರು ಸ್ಥಾನ ಸಿಕ್ಕರೆ ಕಕ್ಷೆಯನ್ನು ಲೆಕ್ಕ ಹಾಕಬಹುದು. ಹೆಚ್ಚು ದಿನ ನೋಡಿದಷ್ಟೂ ಲೆಕ್ಕ ಬಿಗಿಯಾಗುತ್ತದೆ. ಪ್ರಕಾಶದ ಲೆಕ್ಕ ಮಾತ್ರ ಅಷ್ಟು ನೆಚ್ಚುವಂಥದ್ದಲ್ಲ. ಧೂಮಕೇತು ಹಿಮ ಮತ್ತು ಧೂಳಿನ ಉಂಡೆ. ಸೂರ್ಯನಿಗೆ ಹತ್ತಿರವಾದಂತೆ ಹಿಮ ಆವಿಯಾಗಿ ಧೂಳನ್ನು ಹೊರಕ್ಕೆ ಚೆಲ್ಲುತ್ತದೆ. ಹಾಗಾಗಿ ದೂರ ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ಅದು ಬೆಳಗಬಹುದು, ಕೆಲವೊಮ್ಮೆ ನಿರೀಕ್ಷೆ ಸುಳ್ಳಾಗಿ ಮಂಕಾಗಿಯೇ ಉಳಿಯಬಹುದು.

ಬಪ್ಪು ಕಂಡ ಧೂಮಕೇತು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 60,000 ವರ್ಷ ಬೇಕೆಂದು ಲೆಕ್ಕ ಹೇಳುತ್ತದೆ. ಇದನ್ನು ಮಕ್ಕಳ ಕಣ್ಣಿಗೆ ತರಲು ಕೆಪ್ಲರನ ನಿಯಮದಿಂದ ಒಂದು ಅಳತೆ ಮಾಡಿಕೊಂಡಿದ್ದೆ. ಸೂರ್ಯನಿಂದ ಭೂಮಿಗಿರುವ ದೂರವನ್ನು ಒಂದು ಮೀಟರ್ ಎಂದಿಟ್ಟುಕೊಂಡರೆ, ಆ ಧೂಮಕೇತು ಹೋಗಿ ತಿರುಗುವ ತುದಿ ಸುಮಾರು 3 ಕಿಲೋಮೀಟರ್ ಆಚೆ ಬರುತ್ತದೆ. ಹಲಗೆಯ ಮೇಲೆ ಮೀಟರ್ ಪಟ್ಟಿ ಹಿಡಿದು ಕಿಟಕಿಯ ಹೊರಗೆ ಕೈ ತೋರಿಸಿದೆ. ಊರು ದಾಟಿ, ಜೋಳದ ಹೊಲಗಳನ್ನೂ ದಾಟಿ ಅಷ್ಟು ದೂರವೇ ಎಂದು ತರಗತಿಯಲ್ಲಿ ಗುಜುಗುಜು ಎದ್ದಿತು.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನ ಯೋಜನೆಯಲ್ಲಿ ಇರಲಿಲ್ಲ. ಅದು ಮರಳಿ ಬರುವಾಗ ನೋಡಲು ಲೆಕ್ಕ ಹಾಕಿದವರು ಯಾರೂ ಇರುವುದಿಲ್ಲ, ಅಂದ ಮೇಲೆ ಆ ಲೆಕ್ಕದಿಂದ ಅವರಿಗೆ ಏನು ಬಂತು ಎಂದು ಅವಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು ಒಪ್ಪಿಕೊಂಡೆ. ಅಷ್ಟರಲ್ಲಿ ಗಂಟೆಯಾಯಿತು.

ಮರುದಿನ ಬಪ್ಪು ಅವರ ಉಳಿದ ಬದುಕನ್ನೇ ಉತ್ತರವಾಗಿ ಹೇಳಿದೆ. 1952ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಅವರಿಗೆ ಪಾಲೊಮಾರ್‌ನಲ್ಲಿ, ಆಗಿನ ಜಗತ್ತಿನ ಅತಿ ದೊಡ್ಡ ದೂರದರ್ಶಕದ ಬಳಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿ ಓಲಿನ್ ವಿಲ್ಸನ್ ಜೊತೆ ಅವರು ಕಂಡುಕೊಂಡದ್ದು ಇಂದಿಗೂ ವಿಲ್ಸನ್-ಬಪ್ಪು ಪರಿಣಾಮವೆಂದೇ ಹೆಸರಾಗಿದೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕ್ಯಾಲ್ಸಿಯಂನ ಒಂದು ಗೆರೆ ಎಷ್ಟು ಅಗಲವಿದೆ ಎಂದು ಅಳೆದರೆ, ಆ ನಕ್ಷತ್ರ ನಿಜವಾಗಿ ಎಷ್ಟು ಪ್ರಕಾಶಮಾನವೆಂದು ತಿಳಿಯುತ್ತದೆ. ಅದರಿಂದ ದೂರವೂ ತಿಳಿಯುತ್ತದೆ. ಈ ಸಂಶೋಧನೆ 1957ರಲ್ಲಿ ಪ್ರಕಟವಾಯಿತು.

ಬೇಕೆಂದಿದ್ದರೆ ಅವರು ಅಮೆರಿಕದಲ್ಲೇ ಉಳಿಯಬಹುದಿತ್ತು. ಆದರೆ ದೊಡ್ಡ ದೂರದರ್ಶಕವಿಲ್ಲದ ಭಾರತಕ್ಕೆ ಮರಳಿದರು. 1954ರಲ್ಲಿ ಉತ್ತರ ಪ್ರದೇಶದ ವೀಕ್ಷಣಾಲಯದ ಹೊಣೆ ಹೊತ್ತು, ಅದನ್ನು ನೈನಿತಾಲ್‌ನ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ ಕುಳಿತು ಸುಮ್ಮನಿರದೆ, ತಿಳಿಯಾದ ಕತ್ತಲ ಆಕಾಶವಿರುವ ಜಾಗ ಹುಡುಕಿ, ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರನ್ನು ಆರಿಸಿದರು. ಅಲ್ಲಿ ಕೆಲಸ ಮೊದಲಾದದ್ದು 38 ಸೆಂ.ಮೀ.ನ ಸಣ್ಣ ದೂರದರ್ಶಕದಿಂದ. 1972ರಲ್ಲಿ 102 ಸೆಂ.ಮೀ.ನದು ಬಂತು. 1977ರಲ್ಲಿ ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಿದಾಗ ಕಾವಲೂರಿನವರೂ ಅದನ್ನು ವೀಕ್ಷಿಸಿದರು. ಆ ಗ್ರಹದ ಉಂಗುರಗಳು ಜಗತ್ತಿಗೆ ತಿಳಿದದ್ದು ಆಗಲೇ. ಈ ನಡುವೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ಇಂದು ಅದರ ಕೇಂದ್ರ ಬೆಂಗಳೂರಿನ ಕೋರಮಂಗಲದಲ್ಲಿದೆ. ಅದರ ಮೊದಲ ನಿರ್ದೇಶಕರು ಬಪ್ಪು.

ಅವರ ದೊಡ್ಡ ಹಂಬಲ ಒಂದಿತ್ತು. ಭಾರತದಲ್ಲೇ ವಿನ್ಯಾಸಗೊಂಡು, ಭಾರತದಲ್ಲೇ ತಯಾರಾದ, ಎರಡು ಮೀಟರಿಗೂ ಹೆಚ್ಚು ವ್ಯಾಸದ ದೂರದರ್ಶಕ. 2.34 ಮೀಟರ್ ಕನ್ನಡಿಯನ್ನು ಉಜ್ಜುವ ಕೆಲಸ ವರ್ಷಗಟ್ಟಲೆ ನಡೆಯಿತು. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. 1981ರಲ್ಲಿ ಪದ್ಮಭೂಷಣ ಬಂತು. ಕನ್ನಡಿ ಇನ್ನೂ ಗೋಪುರ ಏರಿರಲಿಲ್ಲ. 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಬಪ್ಪು ತೀರಿಕೊಂಡರು. ವಯಸ್ಸು 55.

ದೂರದರ್ಶಕ ಉದ್ಘಾಟನೆಯಾದದ್ದು 1986ರ ಜನವರಿ 6ರಂದು. ಪ್ರಧಾನಿ ರಾಜೀವ್ ಗಾಂಧಿ ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟರು. ತಾವು ಕಟ್ಟಿಸಿದ ದೂರದರ್ಶಕದೊಳಗೆ ಒಮ್ಮೆಯೂ ಅವರು ನೋಡಲಿಲ್ಲ. ನಂತರ ಅಲ್ಲಿ ಎಷ್ಟೋ ಜನ ನೋಡಿದರು, ಇಂದಿಗೂ ನೋಡುತ್ತಿದ್ದಾರೆ. ಇಷ್ಟು ಹೇಳಿ ನಾನು ಆ ಹುಡುಗಿಯ ಕಡೆ ತಿರುಗಿದೆ. ಅವಳೇ ಉತ್ತರ ಹೇಳಿದಳು: ತಮ್ಮ ಹೊಲದ ಬದುವಿನ ಹುಣಸೆಮರ ಮುತ್ತಜ್ಜ ನೆಟ್ಟದ್ದಂತೆ, ಹುಣಸೆಹಣ್ಣು ತಿನ್ನುತ್ತಿರುವವರು ತಾವಂತೆ.

ಮನೆಗೆಲಸವಾಗಿ ಮೂರು ಸಂಜೆ ಒಂದೇ ಹೊತ್ತಿಗೆ ಚಂದ್ರನನ್ನೂ ಹತ್ತಿರದ ಹೊಳೆಯುವ ಚುಕ್ಕಿಗಳನ್ನೂ ವಹಿಯಲ್ಲಿ ಗುರುತಿಸಿ, ನಾಲ್ಕನೆಯ ಸಂಜೆ ಚಂದ್ರ ಎಲ್ಲಿರುತ್ತಾನೆಂದು ಮೊದಲೇ ಬರೆದು ತರಲು ಹೇಳಿದೆ. ಹಲವರ ಅಂದಾಜು ತಪ್ಪಿತು, ಕೆಲವರದು ಸರಿಹೋಯಿತು. ಸರಿಹೋದವರಲ್ಲಿ ಮೊದಲ ದಿನ ನಾನು ಗದರಿಸಿ ಕೂರಿಸಿದ ಹುಡುಗನೂ ಇದ್ದ. ಅವನು ನಾಲ್ಕನೆಯ ಸಂಜೆ ಅಜ್ಜಿಯನ್ನು ಅಂಗಳಕ್ಕೆ ಕರೆದು, ಚಂದ್ರ ಬರುವ ಜಾಗವನ್ನು ಮೊದಲೇ ಬೆರಳಿನಿಂದ ತೋರಿಸಿದ್ದನಂತೆ. ಆ ಪಾಠಕ್ಕೆ ನನಗೆ ಬಂದ ಅಂಕ ಎಷ್ಟೆಂದು ಈಗ ನೆನಪಿಲ್ಲ. ಅವನ ವಹಿಯ ಆ ಪುಟ ನೆನಪಿದೆ.