ದಾದಾಸಾಹೇಬ ಮಾವಳಂಕರರು ಮತ್ತು ಗುರಿಯ ವಿದ್ಯೆ

ಪಿರಿಯಾಪಟ್ಟಣ ದಾಟಿ ಕೊಡಗಿಗೆ ಹೋದರೆ, ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಕಾಣಸಿಗುತ್ತದೆ. ಅಲ್ಲಿ ಕೋವಿ ಮನೆಯ ಒಡವೆ. ಅಂಥ ಪರಂಪರೆಯಿಲ್ಲದ ಊರುಗಳ ತರುಣರಿಗೂ ಈ ಆಟ ದೊರೆಯಲೆಂದು ಸಂಸ್ಥೆ ಕಟ್ಟಿದವರು, ಸೋಜಿಗವೆಂದರೆ, ಒಬ್ಬ ಗಾಂಧೀವಾದಿ.

ಗಣೇಶ ವಾಸುದೇವ ಮಾವಳಂಕರರು 1888ರ ನವೆಂಬರ್ 27ರಂದು ಬರೋಡೆಯಲ್ಲಿ ಜನಿಸಿದರು. ಅಹಮದಾಬಾದಿನಲ್ಲಿ ವಕೀಲರಾಗಿ, ಖೇಡಾ ಸತ್ಯಾಗ್ರಹದಲ್ಲಿ ದುಡಿದು, ಹಲವು ಬಾರಿ ಸೆರೆವಾಸ ಅನುಭವಿಸಿದರು. ಜೊತೆಯ ಕೈದಿಗಳ ಬಾಳಕಥೆಗಳನ್ನು ಕೇಳಿ ಗುಜರಾತಿಯಲ್ಲಿ ಪುಸ್ತಕವನ್ನೇ ಬರೆದರು. 1937ರಲ್ಲಿ ಅವರು ಸಭಾಧ್ಯಕ್ಷರಾದ ಮುಂಬಯಿ ವಿಧಾನಸಭೆಯಲ್ಲಿ ಧಾರವಾಡ, ಬೆಳಗಾವಿಗಳ ಪ್ರತಿನಿಧಿಗಳೂ ಇದ್ದರು. 1952ರಲ್ಲಿ ಪ್ರಥಮ ಲೋಕಸಭೆಯ ಅಧ್ಯಕ್ಷ ಪೀಠ ಅವರದಾಯಿತು.

ಅಹಿಂಸೆಯ ಈ ಉಪಾಸಕರು 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘವನ್ನು ಸ್ಥಾಪಿಸಿದ್ದು ವಿಪರ್ಯಾಸವೆನಿಸೀತು. ಆದರೆ ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದ ಹುಣಸೂರು, ಹೆಗ್ಗಡದೇವನಕೋಟೆಯ ನಮ್ಮ ಮಿತ್ರರು ಬಲ್ಲರು: ಗುಂಡಿಲ್ಲದ ಅಭ್ಯಾಸವೇ ಮೊದಲು. ನಳಿಗೆಯ ತುದಿಯಲ್ಲಿ ನಾಣ್ಯವೊಂದನ್ನಿಟ್ಟು ಟ್ರಿಗರ್ ಒತ್ತಬೇಕು. ನಾಣ್ಯ ಬಿದ್ದರೆ ಸೋತಂತೆ. ಹುಡುಗರು ಇದನ್ನು ಪಂತ ಕಟ್ಟಿ ಆಡುತ್ತಾರೆ. ಉಸಿರನ್ನು ಅರೆಗಳಿಗೆ ತಡೆದು ಐದು ಗುಂಡುಗಳನ್ನು ಒತ್ತೊತ್ತಾಗಿ ಒಂದೇ ಕಡೆ ಕೂರಿಸುವುದು ಮುಂದಿನ ಪಾಠ. ಅವು ನಡುವಿನಿಂದ ಸರಿದಿದ್ದರೂ ಚಿಂತೆಯಿಲ್ಲ. 50 ಮೀಟರ್ ರೈಫಲ್ ಪಂದ್ಯದಲ್ಲಿ ಹತ್ತು ಅಂಕದ ವೃತ್ತ ಒಂದು ಸೆಂಟಿಮೀಟರಿಗಿಂತ ತುಸುವೇ ಅಗಲ. ಕೋಪದ ಕೈಗೆ ಅದು ಸಿಕ್ಕುವುದಿಲ್ಲ. ಮಾವಳಂಕರರ ಎರಡು ನಿಷ್ಠೆಗಳೂ ಅಷ್ಟೇನೂ ದೂರವಿರಲಿಲ್ಲವೆಂದು ನನಗೆ ತೋರುತ್ತದೆ.

1956ರ ಫೆಬ್ರವರಿ 27ರಂದು ಅವರು ಅಹಮದಾಬಾದಿನಲ್ಲಿ ತೀರಿಕೊಂಡರು. ರಾಷ್ಟ್ರೀಯ ಸ್ಪರ್ಧೆಗೆ ಹೊಸಬರು ಅರ್ಹತೆ ಪಡೆಯುವ ಅಖಿಲ ಭಾರತ ಪಂದ್ಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.